ಅರ್ಧ ಆಗಿರುವ ವೆಬ್‌ಸೈಟ್ ಈಗಲೇ ಹಾಕಲಾ, ಕೊಯ್ಲು ಮುಗಿಯುವವರೆಗೆ ಕಾಯಲಾ?

ಮಳೆಪುಸ್ತಕ (ಸೋಮವಾರಪೇಟೆ):

ಎಲ್ಲರಿಗೂ ನಮಸ್ಕಾರ. ನನ್ನದೇ ಒಂದು ಸಣ್ಣ ವೆಬ್‌ಸೈಟ್ ಮಾಡುತ್ತಿದ್ದೇನೆ. ಕೆಲಸ ಹುಡುಕಲು ಅಲ್ಲ. ನಮ್ಮ ತೋಟದ ಮಳೆ ಲೆಕ್ಕ, ನಾನು ತೆಗೆದ ಹಕ್ಕಿ ಫೋಟೋ, ಆಗಾಗ ಬರೆಯುವ ನಾಲ್ಕು ಸಾಲು, ಇಷ್ಟೇ. ಅಜ್ಜನ ಕಾಲದಿಂದ ಮಳೆ ಬರೆದಿಟ್ಟ ಪುಸ್ತಕಗಳು ಮನೆಯಲ್ಲಿವೆ, ಎಲ್ಲಾ ಇಂಚು-ಸೆಂಟ್ ಲೆಕ್ಕ (ನೂರು ಸೆಂಟ್ ಅಂದರೆ ಒಂದು ಇಂಚು ಮಳೆ).

ಡಿಸೈನ್ ಅರ್ಧ ಆಗಿದೆ. ಮುಖಪುಟದಲ್ಲಿ ಮಾಂದಲಪಟ್ಟಿ ಬೆಟ್ಟದ ಮಂಜಿನ ಫೋಟೋ ಪರದೆ ತುಂಬಾ ಇದೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಹೆಸರು. ಫೋಟೋ 6 ಎಂಬಿ. ಮಳೆ ಪುಟದಲ್ಲಿ ಕೆಲವು ವರ್ಷಗಳ ಲೆಕ್ಕ ಹಾಕಿದ್ದೇನೆ, ಓದುವ ಹಾಗಿದೆ. ಹಕ್ಕಿ ಪುಟದಲ್ಲಿ ಬರೀ ಖಾಲಿ ಚೌಕಗಳು. ‘ಬರಹ’ ಒತ್ತಿದರೆ ‘ಶೀಘ್ರದಲ್ಲೇ ಬರಲಿದೆ’ ಅಂತ ಬರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ಇದೆ, ಆದರೆ ತಮ್ಮನ ಫೋನಿನಲ್ಲಿ ತಲೆಬರಹದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿ ಹೋಗಿದೆ, ಯಾಕೆ ಅಂತ ಗೊತ್ತಾಗುತ್ತಿಲ್ಲ.

ರೋಬಸ್ಟಾ ಕಾಫಿ ಕೊಯ್ಲು ಶುರುವಾದರೆ ಮಾರ್ಚ್‌ವರೆಗೆ ಇದನ್ನು ಮುಟ್ಟಲು ಆಗುವುದಿಲ್ಲ. ಈಗ ಇರುವಷ್ಟನ್ನು ಹಾಕಿಬಿಡಲಾ? ಫ್ಯಾಮಿಲಿ ವಾಟ್ಸಾಪ್ ಗ್ರೂಪಿನವರು ಒಂದು ಸಲ ನೋಡಿ ನಕ್ಕರೆ ಮತ್ತೆ ಯಾರೂ ತೆರೆಯುವುದಿಲ್ಲ, ಅದೇ ಭಯ.

ಕುಶಾಲನಗರ_ಕೋಡರ್:

ಹಾಕಿ. ಆದರೆ ಪೂರ್ತಿ ಸೈಟ್ ಅಂತ ಅಲ್ಲ, ಮಳೆ ಪುಟವನ್ನೇ ಸೈಟ್ ಅಂತ ಹಾಕಿ. ‘ಹಕ್ಕಿ’, ‘ಬರಹ’ ಎರಡನ್ನೂ ಮೆನುವಿನಿಂದ ತೆಗೆದುಬಿಡಿ. ಇಲ್ಲದ ಪುಟವನ್ನು ಯಾರೂ ಕೇಳುವುದಿಲ್ಲ, ಖಾಲಿ ಪುಟ ಕಂಡರೆ ಮಾತ್ರ ಎಲ್ಲರೂ ಕೇಳುತ್ತಾರೆ. ‘ಶೀಘ್ರದಲ್ಲೇ’ ಅಂತ ಹಾಕಿ ವರ್ಷಗಟ್ಟಲೆ ಹಾಗೇ ಇರುವ ಸೈಟುಗಳು ಎಷ್ಟಿವೆ ನೋಡಿದ್ದೀರಲ್ಲ.

ನಿಜ ಹೇಳಬೇಕಂದರೆ ಜನ ನಿಮ್ಮ ಡಿಸೈನ್ ನೋಡಲು ಬರುವುದಿಲ್ಲ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವ ವರ್ಷ ಯಾವಾಗ ಬಿತ್ತು, ಎಷ್ಟು ಇಂಚು ಬಿತ್ತು, ಅದನ್ನು ನೋಡಲು ಬರುತ್ತಾರೆ. ಕೊಡಗಿನಲ್ಲಿ ಪ್ರವಾಹ, ಭೂಕುಸಿತ ಆದ 2018ರ ಆಗಸ್ಟ್ ನಿಮ್ಮ ಪುಸ್ತಕದಲ್ಲಿ ಇದ್ದರೆ ಎಲ್ಲರೂ ಮೊದಲು ತೆರೆಯುವುದು ಅದನ್ನೇ. ಆ ತಿಂಗಳನ್ನು ಮುಖಪುಟದಿಂದ ಒಂದೇ ಒತ್ತಿಗೆ ಸಿಗುವ ಹಾಗೆ ಮಾಡಿ, ಉಳಿದದ್ದು ಆಮೇಲೆ.

ಎಲ್ಲಿ ಹಾಕುವುದು ಅಂತ ಇನ್ನೂ ಯೋಚಿಸಿಲ್ಲ ಅಂದರೆ ಇಂಥ ಸಾದಾ ಪುಟಗಳಿಗೆ ಗಿಟ್‌ಹಬ್ ಪೇಜಸ್ ಅನ್ನುವ ಸೇವೆ ಸಾಕು, ದುಡ್ಡು ಬೇಡ. ಬದಲಾಯಿಸಿದ್ದು ಇಷ್ಟವಾಗದಿದ್ದರೆ ಹಳೆಯದಕ್ಕೆ ವಾಪಸ್ ಹೋಗಬಹುದು.

ಒತ್ತಕ್ಷರ:

ಕತ್ತರಿಸಿ ಹೋಗುವುದಕ್ಕೆ ಕಾರಣ ಹೆಚ್ಚಾಗಿ ಟೆಂಪ್ಲೇಟ್, ಅಂದರೆ ಸೈಟಿನ ಸಿದ್ಧ ಅಚ್ಚು. ಇಂಗ್ಲಿಷಿಗೆ ಮಾಡಿದ ಟೆಂಪ್ಲೇಟ್‌ಗಳಲ್ಲಿ ತಲೆಬರಹಕ್ಕೆ ಲೈನ್-ಹೈಟ್ (ಅಕ್ಷರದ ಗಾತ್ರಕ್ಕೆ ಹೋಲಿಸಿ ಸಾಲಿನ ಎತ್ತರ) 1.1 ಅಥವಾ 1.2 ಇಟ್ಟಿರುತ್ತಾರೆ. ಕನ್ನಡಕ್ಕೆ ಅದು ಸಾಲದು. ‘ಷ್ಟ್ರ’ ಥರ ಎರಡು ಒತ್ತು ಬಂದರಂತೂ ಕೆಳಗೆ ಜಾಗವೇ ಇರುವುದಿಲ್ಲ. ಜೊತೆಗೆ ಆ ಡಬ್ಬಿಗೆ ಓವರ್‌ಫ್ಲೋ ಹಿಡನ್ (ಹೊರಗೆ ಹೋದದ್ದನ್ನು ಮರೆಮಾಡು) ಅಂತ ಇದ್ದರೆ ಉಳಿದದ್ದು ಮಾಯ. ತಲೆಬರಹಕ್ಕೆ 1.5, ಒಳಗಿನ ಬರಹಕ್ಕೆ 1.7 ಇಟ್ಟು ನೋಡಿ. ಲ್ಯಾಪ್‌ಟಾಪ್‌ನಲ್ಲಿ ಸರಿ ಇದ್ದು ಫೋನಿನಲ್ಲಿ ಮಾತ್ರ ಹೀಗೆ ಅಂದರೆ ಎರಡರಲ್ಲೂ ಬೇರೆ ಬೇರೆ ಫಾಂಟ್ ಬರುತ್ತಿರಬೇಕು. ನೀವು ಫಾಂಟ್ ಜೊತೆಗೆ ಕೊಟ್ಟಿಲ್ಲ ಅಲ್ವಾ? ನೋಟೋ ಸ್ಯಾನ್ಸ್ ಕನ್ನಡ ಉಚಿತ, ಅದನ್ನು ವಾಫ್2 (ವೆಬ್‌ಗೆಂದೇ ಇರುವ ಚಿಕ್ಕ ಫಾಂಟ್ ಫೈಲ್) ರೂಪದಲ್ಲಿ ಸೈಟಿನೊಳಗೇ ಇಡಿ.

ಫೈಲ್ ಚಿಕ್ಕದು ಮಾಡಲು ಸಬ್‌ಸೆಟ್ ಮಾಡುತ್ತೀರಿ (ಬೇಕಾದ ಅಕ್ಷರ ಮಾತ್ರ ಉಳಿಸುತ್ತೀರಿ) ಅಂದರೆ ಒಂದು ಎಚ್ಚರ. ಅಕ್ಷರ ಜೋಡಿಸುವ ನಿಯಮಗಳು ಫಾಂಟಿನೊಳಗೇ ಇರುತ್ತವೆ, ಅವು ಹೋದರೆ ಒತ್ತಕ್ಷರವೆಲ್ಲ ಬಿಡಿಬಿಡಿಯಾಗಿ ಕಾಣುತ್ತದೆ. ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಜ಼ೀರೋ-ವಿಡ್ತ್ ನಾನ್-ಜಾಯ್ನರ್ ಅನ್ನೂ ಸೇರಿಸಿಕೊಳ್ಳಿ, ‘ಲ್ಯಾಪ್‌ಟಾಪ್’ ಅಂತ ಸರಿಯಾಗಿ ಬರಲು ಅದೇ ಬೇಕು.

ಇಟ್ಯಾಲಿಕ್ ಬೇಡ. ಕನ್ನಡ ಫಾಂಟುಗಳಲ್ಲಿ ಅದು ಇರುವುದು ಅಪರೂಪ, ಬ್ರೌಸರ್ ಸುಮ್ನೆ ಅಕ್ಷರವನ್ನು ಓರೆ ಮಾಡಿ ತೋರಿಸುತ್ತದೆ, ನೋಡಲಾಗುವುದಿಲ್ಲ. ಇನ್ನು ಮಳೆ ಪಟ್ಟಿಯಲ್ಲಿ ಕನ್ನಡ ಅಂಕಿ ಹಾಕಿದ್ದರೆ ಚಿಕ್ಕ ಪರದೆಯಲ್ಲಿ ೬ ಮತ್ತು ೯ ಒಂದೇ ಥರ ಕಾಣುತ್ತವೆ. ಲೆಕ್ಕದ ಪಟ್ಟಿಗೆ 6, 9 ಅಂತಲೇ ಇರಲಿ. ಇದಕ್ಕೆ ಕೆಲವರು ಬೈಯಬಹುದು, ಬೈಯಲಿ.

ನಾಪೋಕ್ಲು_ನೆಟ್‌ವರ್ಕ್:

6 ಎಂಬಿ ಫೋಟೋನಾ! ಮಳೆಗಾಲದಲ್ಲಿ ಕರೆಂಟ್ ಹೋಗಿ, ಟವರಿನ ಬ್ಯಾಟರಿಯೂ ಇಳಿದು, ಗದ್ದೆ ಹತ್ತಿರ ನಿಂತರೆ ಮಾತ್ರ ಒಂದು ಕಡ್ಡಿ ಸಿಗ್ನಲ್ ಸಿಗುವವರು ನಿಮ್ಮ ಮಳೆ ಲೆಕ್ಕ ನೋಡಬೇಕು. 1 ಎಂಬಿಪಿಎಸ್ (ಸೆಕೆಂಡಿಗೆ 1 ಮೆಗಾಬಿಟ್, 8 ಬಿಟ್ ಸೇರಿದರೆ 1 ಬೈಟ್) ಸ್ಪೀಡಿನಲ್ಲಿ ಆ ಫೋಟೋ ಒಂದಕ್ಕೇ 48 ಸೆಕೆಂಡ್ ಬೇಕು. ಅಷ್ಟು ಹೊತ್ತು ಬಿಳಿ ಹಿನ್ನೆಲೆ ಮೇಲೆ ಬಿಳಿ ಹೆಸರು, ಅಂದರೆ ಏನೂ ಕಾಣುವುದಿಲ್ಲ. ಮೊದಲು ಹಿನ್ನೆಲೆಗೆ ಕಡು ಹಸಿರು ಬಣ್ಣ ಕೊಡಿ. ಫೋಟೋ ಬರದಿದ್ದರೂ ಹೆಸರು ಓದಬಹುದು. ಆಮೇಲೆ ಫೋಟೋವನ್ನು 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ (ಕಡಿಮೆ ಜಾಗ ಹಿಡಿಯುವ ಫೋಟೋ ಫೈಲ್) ಮಾಡಿ. ಮಂಜಿನ ಫೋಟೋದಲ್ಲಿ ವಿವರ ಕಡಿಮೆ, ತುಂಬಾ ಚಿಕ್ಕದಾಗುತ್ತದೆ. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ನಿಧಾನ ಮಾಡಿ ನೋಡುವ ಆಯ್ಕೆ ಇದೆ, ಹಾಕುವ ಮೊದಲು ಒಮ್ಮೆ ಅದರಲ್ಲಿ ನೋಡಿ.

ಹಕ್ಕಿ ಫೋಟೋ ಹಾಕುವಾಗ ಜಿಪಿಎಸ್ ಮಾಹಿತಿ ತೆಗೆದೇ ಹಾಕಿ. ಫೋನಿನಲ್ಲಿ ತೆಗೆದದ್ದರಲ್ಲಿ ತೆಗೆದ ಜಾಗ ಸೇರಿಕೊಂಡಿರಬಹುದು. ಮಂಗಟ್ಟೆ ಹಕ್ಕಿಯ ಗೂಡು ಯಾವ ಮರದಲ್ಲಿದೆ ಅಂತ ಊರಿಗೆಲ್ಲ ಹೇಳಿದ ಹಾಗಾಗುತ್ತದೆ.

ವಿರಾಜಪೇಟೆ_ಅಕ್ಕ:

ನಾನಾದರೆ ಇವತ್ತೇ ಹಾಕು ಅನ್ನುವುದಿಲ್ಲ ತಮ್ಮಾ. ಬಣ್ಣ, ಫಾಂಟ್ ಯಾವಾಗ ಬೇಕಾದರೂ ಬದಲಾಯಿಸಬಹುದು, ಯಾರಿಗೂ ನಷ್ಟವಿಲ್ಲ. ಪುಟದ ವಿಳಾಸ ಹಾಗಲ್ಲ. ಒಮ್ಮೆ ವಾಟ್ಸಾಪ್‌ನಲ್ಲಿ ಹೋದ ಲಿಂಕ್ ಎಲ್ಲೆಲ್ಲೋ ಉಳಿದಿರುತ್ತದೆ. ಮಾರ್ಚ್‌ನಲ್ಲಿ ನೀನು ವಿಳಾಸ ಬದಲಾಯಿಸಿದರೆ ಅವರಿಗೆಲ್ಲ ‘ಪುಟ ಸಿಗಲಿಲ್ಲ’ ಅಂತ ಬರುತ್ತದೆ. ಹಾಗಾಗಿ ವಿಳಾಸ ಹೇಗಿರಬೇಕು ಅಂತ ಒಂದು ಸಂಜೆ ಕೂತು ತೀರ್ಮಾನಿಸು. ವರ್ಷಕ್ಕೊಂದು ಪುಟ, ವಿಳಾಸದಲ್ಲಿ ಇಸವಿ. ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿರಲಿ. ಕನ್ನಡದಲ್ಲಿ ಇಟ್ಟರೆ ಬ್ರೌಸರಿನಲ್ಲಿ ಚೆಂದ ಕಾಣುತ್ತದೆ, ನಿಜ, ಆದರೆ ಕಾಪಿ ಮಾಡಿ ಕಳಿಸಿದಾಗ ಶೇಕಡಾ ಚಿಹ್ನೆಗಳ ಸಾಲಾಗಿಬಿಡುತ್ತದೆ. ‘ಮಳೆ’ ಅನ್ನುವ ಒಂದು ಪದಕ್ಕೇ 27 ಅಕ್ಷರ! ಅದನ್ನು ನೋಡಿ ವೈರಸ್ ಅಂದುಕೊಂಡು ಯಾರೂ ಒತ್ತುವುದಿಲ್ಲ.

ನಗುವವರ ವಿಷಯ ಬಿಡು. ಅವರು ಪೂರ್ತಿ ಆದ ಮೇಲೂ ನಗುತ್ತಾರೆ. ಗ್ರೂಪಿಗೆ ಹಾಕುವ ಮೊದಲು ಮಳೆ ಬರೆಯುವ ಅಭ್ಯಾಸ ಇರುವ ಪಕ್ಕದ ತೋಟದವರು ಯಾರಿಗಾದರೂ ಫೋನ್ ಕೊಟ್ಟು, ‘ಹೋದ ವರ್ಷ ಜುಲೈನಲ್ಲಿ ಎಷ್ಟು ಬಿತ್ತು ಹುಡುಕಿ’ ಅಂತ ಹೇಳು. ನೀನು ಮಾತಾಡಬೇಡ, ಸುಮ್ನೆ ನೋಡು. ಅವರ ಬೆರಳು ಎಲ್ಲಿ ತಡವರಿಸುತ್ತದೋ ಅಲ್ಲೇ ಕೆಲಸ ಬಾಕಿ ಇದೆ.

ಮಳೆಪುಸ್ತಕ (ಸೋಮವಾರಪೇಟೆ):

ಎಲ್ಲರಿಗೂ ಥ್ಯಾಂಕ್ಸ್. ಲೈನ್-ಹೈಟ್ 1.1 ಇತ್ತು, ಸರಿ ಮಾಡಿದೆ, ಒತ್ತುಗಳು ವಾಪಸ್ ಬಂದವು. ಮೆನುವಿನಿಂದ ‘ಹಕ್ಕಿ’, ‘ಬರಹ’ ತೆಗೆದೆ. ಅಕ್ಕ ಹೇಳಿದ ಹಾಗೆ ವಿಳಾಸ ತೀರ್ಮಾನಿಸಿ ಈ ವಾರ ಮಳೆ ಪುಟ ಮಾತ್ರ ಹಾಕುತ್ತೇನೆ. 2018 ಇದೆ, ಆಗಸ್ಟ್ ಪುಟ ಒದ್ದೆಯಾಗಿ ಶಾಯಿ ಹರಡಿದೆ, ಆದರೂ ಓದಬಹುದು. ಇನ್ನೊಂದು ಪ್ರಶ್ನೆ: ಪುಸ್ತಕದ ಸ್ಕ್ಯಾನ್‌ಗಳನ್ನೇ ಹಾಕಲಾ, ಟೈಪ್ ಮಾಡಿದ ಪಟ್ಟಿ ಸಾಕಾ? ಇಂಚನ್ನು ಮಿಲಿಮೀಟರ್ ಮಾಡಬೇಕಾ?

ಕುಶಾಲನಗರ_ಕೋಡರ್:

ಪಟ್ಟಿ ಮುಂದೆ, ಪ್ರತಿ ತಿಂಗಳ ಕೆಳಗೆ ಆ ಪುಟದ ಸ್ಕ್ಯಾನ್‌ಗೆ ಲಿಂಕ್. ಸ್ಕ್ಯಾನ್ ಒಂದನ್ನೇ ಹಾಕಿದರೆ ಹುಡುಕಲು ಆಗುವುದಿಲ್ಲ, ಫೋನಿನಲ್ಲಿ ಓದಲೂ ಕಷ್ಟ. ಇಂಚು ಬದಲಾಯಿಸಬೇಡಿ, ತೋಟದವರು ಕೇಳುವುದೇ ಇಂಚಿನಲ್ಲಿ. ಮಿಲಿಮೀಟರ್ ಬೇಕಾದರೆ ಪಕ್ಕದಲ್ಲಿ ಇನ್ನೊಂದು ಕಾಲಂ, 25.4ರಿಂದ ಗುಣಿಸಿದರೆ ಆಯ್ತು. ಶಾಯಿ ಹರಡಿ ಅನುಮಾನ ಇರುವ ಅಂಕಿಗಳ ಪಕ್ಕ ಪ್ರಶ್ನೆ ಚಿಹ್ನೆ ಹಾಕಿ.