10ರಿಂದ 30 ಮೀಟರಿಗೆ ಏರ್ ರೈಫಲ್: ಯಾವ ಸ್ಕೋಪ್, ಯಾವ ರೆಟಿಕಲ್?

ಕಾಳಿದಂಡೆ (ಕಾರವಾರ):
ಎಲ್ಲರಿಗೂ ನಮಸ್ಕಾರ. ನನ್ನದು 4.5 ಮಿ.ಮೀ. ಸ್ಪ್ರಿಂಗ್ ಏರ್ ರೈಫಲ್. ಸದಾಶಿವಗಡದ ಕಡೆ ಮನೆ, ಹಿಂದೆ ಉದ್ದದ ಹಿತ್ತಲು ಇದೆ. 10 ಮೀಟರಿನಿಂದ 30 ಮೀಟರ್ ತನಕ ಕಾಗದದ ಟಾರ್ಗೆಟ್‌ಗೆ ಹೊಡೆಯುತ್ತೇನೆ, ಬೇರೆ ಉದ್ದೇಶ ಇಲ್ಲ. ಗನ್ ಜೊತೆ ಬಂದ ಸೈಟ್‌ನಲ್ಲಿ 25 ಮೀಟರಿಗೆ ಹೋದರೆ ಮುಂದಿನ ಮೊನೆಯೇ ಕಪ್ಪು ವೃತ್ತವನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಸ್ಕೋಪ್ ಹಾಕೋಣ ಅಂತ. ಅಂಗಡಿಯಲ್ಲಿ ಎರಡು ತೋರಿಸಿದರು. ಒಂದು 3-9×40 (3ರಿಂದ 9 ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜು 40 ಮಿ.ಮೀ.), ರೆಟಿಕಲ್ ಅಂದರೆ ಒಳಗೆ ಕಾಣುವ ಗುರಿಗೆರೆ ಸಾದಾ ಡ್ಯೂಪ್ಲೆಕ್ಸ್. ಇನ್ನೊಂದು 6-24×50, ಮಿಲ್‌ಡಾಟ್ (ಗೆರೆಯ ಮೇಲೆ ಸಮ ಅಂತರದಲ್ಲಿ ಚುಕ್ಕೆಗಳು), ಬೆಲೆ ದುಪ್ಪಟ್ಟು. "ದೊಡ್ಡದನ್ನೇ ತಗೊಳ್ಳಿ, ಮುಂದೆ ಬೇಕಾಗುತ್ತದೆ" ಅಂತ ಒತ್ತಾಯ. ಬಳಸಿದವರು ಯಾರಾದರೂ ಹೇಳಿ.

ಅಡಿಕೆಅಂಗಳ (ಶಿರಸಿ):
ಎಷ್ಟು ಎಕ್ಸ್, ಅಂದರೆ ಎಷ್ಟು ಪಟ್ಟು ದೊಡ್ಡದು, ಅನ್ನುವುದು ಆಮೇಲಿನ ಮಾತು ಮಾರಾಯ್ರೆ. ಮೊದಲು ಕೇಳಬೇಕಾದ್ದು ಒಂದೇ: ಈ ಸ್ಕೋಪ್ 10 ಮೀಟರಿಗೆ ಫೋಕಸ್ ಆಗುತ್ತಾ?

ಸಾಮಾನ್ಯ 3-9×40 ಸ್ಕೋಪ್‌ಗಳು ದೊಡ್ಡ ರೈಫಲ್‌ಗೆ ಅಂತ ಮಾಡಿದವು. ಅವುಗಳ ಪ್ಯಾರಲ್ಯಾಕ್ಸ್, ಅಂದರೆ ಕಣ್ಣು ಆಚೀಚೆ ಆದರೂ ಗೆರೆ ಟಾರ್ಗೆಟ್ ಮೇಲೆ ಸರಿಯದೆ ನಿಲ್ಲುವ ದೂರ, 100 ಗಜಕ್ಕೆ ಕೂರಿಸಿರುತ್ತದೆ, ಬದಲಾಯಿಸಲು ಬರುವುದಿಲ್ಲ. ಅದರಲ್ಲಿ 10 ಮೀಟರ್ ನೋಡಿದರೆ ಕಾರ್ಡ್ ಮಸುಕು. ಮಸುಕನ್ನು ಹೇಗೋ ಸಹಿಸಬಹುದು, ಅಸಲಿ ತೊಂದರೆ ಬೇರೆ ಇದೆ. ಕಣ್ಣು ಸ್ವಲ್ಪ ಆಚೀಚೆ ಆದರೂ ಗೆರೆ ಟಾರ್ಗೆಟ್ ಮೇಲೆ ಸರಿಯುತ್ತದೆ. 40 ಮಿ.ಮೀ. ಗಾಜಿನ ಸ್ಕೋಪ್‌ಗೆ ಲೆಕ್ಕ ಹಾಕಿದರೆ 10 ಮೀಟರಿನಲ್ಲಿ ಆ ತಪ್ಪು ಹೆಚ್ಚೆಂದರೆ ಸುಮಾರು 18 ಮಿ.ಮೀ. ತನಕ ಹೋಗಬಹುದು. ಸ್ಪರ್ಧೆಯ 10 ಮೀಟರ್ ಕಾರ್ಡಿನ ಹೊರಗಿನ ವೃತ್ತ 45.5 ಮಿ.ಮೀ., ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿ.ಮೀ. ಅಂದಾಜು ಮಾಡಿ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಸ್ಕೋಪ್ ಅನ್ನು ಮೇಜಿನ ಮೇಲೆ ಅಲುಗಾಡದ ಹಾಗೆ ಇಟ್ಟು, 10 ಮೀಟರ್ ದೂರದ ಒಂದು ಚುಕ್ಕೆ ನೋಡಿ. ಕೈ ತಾಗಿಸದೆ ತಲೆಯನ್ನು ಮಾತ್ರ ಮೇಲೆ ಕೆಳಗೆ ಆಡಿಸಿ. ಕ್ರಾಸ್‌ಹೇರ್ (ಅಡ್ಡ ಗೆರೆ, ನಿಂತ ಗೆರೆ ಕೂಡುವ ಗುರುತು) ಚುಕ್ಕೆಯನ್ನು ಬಿಟ್ಟು ಜಾರಿದರೆ ಆ ಸ್ಕೋಪ್ ಬೇಡ. ಮುಂದಿನ ಗಾಜಿನ ಹತ್ತಿರ ತಿರುಗುವ ರಿಂಗ್ ಇರುವಂಥದ್ದು, ಇಲ್ಲಾ ಪಕ್ಕದಲ್ಲಿ ಫೋಕಸ್ ನಾಬ್ ಇರುವಂಥದ್ದು ಕೇಳಿ. 10 ಮೀಟರ್ ಅಂಕಿ ಅದರ ಮೇಲೆ ಬರೆದಿರಬೇಕು. 4-12×40 ಸಾಕು ನಿಮಗೆ.

ದೂರನೋಟ (ಅಂಕೋಲಾ):
ಪ್ಯಾರಲ್ಯಾಕ್ಸ್ ವಿಚಾರದಲ್ಲಿ ಶಿರಸಿಯವರ ಮಾತು ನೂರಕ್ಕೆ ನೂರು ಸರಿ. ಆದರೆ 12 ಎಕ್ಸ್ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. 30 ಮೀಟರಿನಲ್ಲಿ 4.5 ಮಿ.ಮೀ. ತೂತು ಬಿಳಿ ಕಾಗದದಲ್ಲಿ ಕಾಣಬಹುದು, ಕಪ್ಪಿನ ಒಳಗೆ ಬಿದ್ದರೆ 9 ಎಕ್ಸ್‌ನಲ್ಲಿ ಹುಡುಕಬೇಕು. 20 ಎಕ್ಸ್ ಮೇಲಿದ್ದರೆ ಎದ್ದು ಹೋಗಿ ನೋಡುವ ಕೆಲಸ ತಪ್ಪುತ್ತದೆ. ಫೀಲ್ಡ್ ಟಾರ್ಗೆಟ್ ಆಡುವವರನ್ನು ನೋಡಿ. ಸುಮಾರು 50 ಮೀಟರ್ ತನಕ ಬೇರೆ ಬೇರೆ ದೂರದಲ್ಲಿ ಟಾರ್ಗೆಟ್ ಇರುತ್ತವೆ, ದೂರ ಹೇಳುವವರು ಇಲ್ಲ. ಅವರು ಜಾಸ್ತಿ ಎಕ್ಸ್ ಇಟ್ಟು, ಪಕ್ಕದ ದೊಡ್ಡ ಚಕ್ರ ತಿರುಗಿಸಿ, ಚಿತ್ರ ಸ್ಪಷ್ಟವಾದ ಕಡೆ ಚಕ್ರದ ಮೇಲಿನ ಅಂಕಿ ಓದಿ ದೂರ ಅಳೆಯುತ್ತಾರೆ. ಇದು ಕಡಿಮೆ ಎಕ್ಸ್‌ನಲ್ಲಿ ಆಗುವ ಕೆಲಸ ಅಲ್ಲ. ಅಂಗಡಿಯವರ 6-24 ಹತ್ತು ಮೀಟರಿಗೆ ಫೋಕಸ್ ಆಗುವುದಾದರೆ ಅದನ್ನೇ ತಗೊಳ್ಳಿ.

ಕುಮಟಾ ಮೇಷ್ಟ್ರು:
ಅವರು ಫೀಲ್ಡ್ ಟಾರ್ಗೆಟ್ ಆಡುತ್ತಿಲ್ಲ, ಹಿತ್ತಲಿನಲ್ಲಿ ಅಳೆದು ಗೂಟ ಹೊಡೆದ ದೂರಕ್ಕೆ ಹೊಡೆಯುತ್ತಿದ್ದಾರೆ. ದೂರ ಗೊತ್ತಿರುವಾಗ ಚಕ್ರ ಯಾಕೆ? ಸ್ಪ್ರಿಂಗ್ ಗನ್ ಹಿಡಿದು 24 ಎಕ್ಸ್‌ನಲ್ಲಿ ನೋಡಿದರೆ ಎದೆಬಡಿತವೆಲ್ಲ ಕ್ರಾಸ್‌ಹೇರ್‌ನಲ್ಲಿ ಕಾಣುತ್ತದೆ. ಅದನ್ನು ನಿಲ್ಲಿಸಲು ಹೋಗಿ ಟ್ರಿಗರ್ ಎಳೆಯುವವರೇ ಜಾಸ್ತಿ.

ಬೆಳಕಿನ ಲೆಕ್ಕವೂ ಇದೆ. 50 ಮಿ.ಮೀ. ಗಾಜನ್ನು 24ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತ 2 ಮಿ.ಮೀ. ಚಿಲ್ಲರೆ. 40 ಮಿ.ಮೀ. ಗಾಜಿನಲ್ಲಿ 8 ಎಕ್ಸ್ ಇಟ್ಟರೆ 5 ಮಿ.ಮೀ. ತೆಂಗು ಅಡಿಕೆ ಮರದ ಅಡಿ ಸಂಜೆ ಐದರ ಮೇಲೆ ಈ ವ್ಯತ್ಯಾಸ ದೊಡ್ಡದು. ನನ್ನ ಮಟ್ಟಿಗೆ 3-9 ಅಥವಾ 4-12, ಸಾದಾ ಡ್ಯೂಪ್ಲೆಕ್ಸ್, ಫೋಕಸ್ ರಿಂಗ್ ಇರುವಂಥದ್ದು. ಮಿಲ್‌ಡಾಟ್ ಸುಮ್ನೆ ಕಣ್ಣಿಗೆ ಗಲಾಟೆ. ದೂರ ಬದಲಾದರೆ ಮೇಲಿನ ನಾಬ್ ತಿರುಗಿಸಿದರಾಯಿತು, ಅಲ್ವಾ?

ಅಡಿಕೆಅಂಗಳ (ಶಿರಸಿ):
ಎಕ್ಸ್ ವಿಷಯದಲ್ಲಿ ನಾನು ನಿಮ್ಮ ಕಡೆಯೇ ಮೇಷ್ಟ್ರೇ. ಮಿಲ್‌ಡಾಟ್ ಬಗ್ಗೆ ಮಾತ್ರ ಅಲ್ಲ. ಅವರಿಗೆ ಅದರ ಅಗತ್ಯ ಯಾಕಿದೆ ಅಂತ ಅಂಕಿಯಲ್ಲೇ ಹೇಳುತ್ತೇನೆ.

ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು, ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ಹೊರಡುತ್ತದೆ, ಸ್ಕೋಪ್ ನಳಿಕೆಗಿಂತ ನಾಲ್ಕೂವರೆ ಸೆಂ.ಮೀ. ಮೇಲಿದೆ ಅಂತಿಟ್ಟುಕೊಳ್ಳಿ. 25 ಮೀಟರಿಗೆ ಝೀರೋ ಮಾಡಿದ್ದೀರಿ, ಅಂದರೆ ಆ ದೂರದಲ್ಲಿ ಕ್ರಾಸ್‌ಹೇರ್ ಇಟ್ಟಲ್ಲೇ ಪೆಲೆಟ್ ಬೀಳುವ ಹಾಗೆ ಕೂರಿಸಿದ್ದೀರಿ. ಆಗ 10 ಮೀಟರಿನಲ್ಲಿ ಪೆಲೆಟ್ ಸುಮಾರು 6 ಮಿ.ಮೀ. ಕೆಳಗೆ ಬೀಳುತ್ತದೆ. ಅದು ಸ್ಕೋಪ್‌ನ ನೋಟಕ್ಕಿಂತ ಕೆಳಗಿನಿಂದ ಹೊರಟು ಇನ್ನೂ ಮೇಲೇರುತ್ತಿರುತ್ತದೆ. 20 ಮೀಟರಿನಲ್ಲಿ ಅರ್ಧ ಸೆಂ.ಮೀ. ಮೇಲೆ. 30ರಲ್ಲಿ ಒಂದು ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಕೆಳಗೆ. 35ಕ್ಕೆ ಹೋದರೆ ಮೂರೂವರೆ ಸೆಂ.ಮೀ. ಕೆಳಗೆ. ನಿಮ್ಮ ಗನ್, ನಿಮ್ಮ ಪೆಲೆಟ್‌ಗೆ ಅಂಕಿ ಬೇರೆ ಬರುತ್ತದೆ, ಆದರೆ ಹಾದಿಯ ಆಕಾರ ಇದೇ.

ಈಗ ಮಿಲ್. ಒಂದು ಮಿಲ್ ಅಂದರೆ ದೂರದ ಸಾವಿರದ ಒಂದು ಭಾಗ. 10 ಮೀಟರಿನಲ್ಲಿ 1 ಸೆಂ.ಮೀ., 25ರಲ್ಲಿ 2.5, 35ರಲ್ಲಿ 3.5. ಅಂದರೆ 35 ಮೀಟರಿಗೆ ಕೆಳಗಿನ ಮೊದಲ ಚುಕ್ಕೆಯನ್ನು ನಡುವಿಗೆ ಇಟ್ಟರೆ ಮುಗಿಯಿತು. 30ಕ್ಕೆ ಅರ್ಧ ಮಿಲ್‌ಗಿಂತ ಒಂದು ಕೂದಲು ಕಡಿಮೆ. ನಾಬ್ ಮುಟ್ಟುವುದೇ ಬೇಡ. ಕಡಿಮೆ ಬೆಲೆಯ ಸ್ಕೋಪ್‌ನಲ್ಲಿ ನಾಬ್ ಪದೇ ಪದೇ ತಿರುಗಿಸಿದರೆ ಹಳೆಯ ಜಾಗಕ್ಕೆ ಸರಿಯಾಗಿ ವಾಪಸ್ ಬರುತ್ತದೆ ಅಂತ ಗ್ಯಾರಂಟಿ ಇಲ್ಲ.

ಕುಮಟಾ ಮೇಷ್ಟ್ರು:
ಲೆಕ್ಕ ಚೆನ್ನಾಗಿದೆ. ಆದರೆ ಒಂದು ಮಾತು ಬಿಟ್ಟಿರಿ. ಹೆಚ್ಚಿನ ಸ್ಕೋಪ್‌ಗಳಲ್ಲಿ ರೆಟಿಕಲ್ ಎರಡನೇ ಫೋಕಲ್ ಪ್ಲೇನ್‌ನಲ್ಲಿ ಇರುತ್ತದೆ. ಎಕ್ಸ್ ಬದಲಾದರೂ ಗೆರೆಯ ಗಾತ್ರ ಬದಲಾಗುವುದಿಲ್ಲ, ಟಾರ್ಗೆಟ್ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಕಂಪನಿಯವರು 10 ಎಕ್ಸ್‌ಗೆ ಮಿಲ್ ಸರಿ ಅಂದಿದ್ದರೆ, 5 ಎಕ್ಸ್‌ಗೆ ಇಳಿಸಿದಾಗ ಅದೇ ಎರಡು ಚುಕ್ಕೆಗಳ ನಡುವಿನ ಅಂತರ 2 ಮಿಲ್ ಆಗುತ್ತದೆ. ಹೊಸಬರು ಎಕ್ಸ್ ಆಡಿಸಿಬಿಟ್ಟು "ನಿನ್ನೆ ಸರಿಯಿತ್ತು, ಇವತ್ತು ಮೇಲೆ ಹೋಗುತ್ತಿದೆ" ಅಂತ ಗನ್ ಬಯ್ಯುತ್ತಾರೆ.

ಅಡಿಕೆಅಂಗಳ (ಶಿರಸಿ):
ಅದಕ್ಕೆ ಉಪಾಯ ಸುಲಭ. ಒಂದೇ ಎಕ್ಸ್‌ನಲ್ಲಿ ಹೊಡೆಯಿರಿ. ಬೇಕಿದ್ದರೆ ರಿಂಗ್ ಮೇಲೆ ಬಿಳಿ ಬಣ್ಣದ ಚುಕ್ಕೆ ಇಡಿ. ಮೊದಲ ಫೋಕಲ್ ಪ್ಲೇನ್ ಸ್ಕೋಪ್‌ನಲ್ಲಿ ಗೆರೆಯೂ ಟಾರ್ಗೆಟ್ ಜೊತೆ ಹಿಗ್ಗಿ ಕುಗ್ಗುವುದರಿಂದ ಈ ತಾಪತ್ರಯ ಇಲ್ಲ. ಆದರೆ ಬೆಲೆ ಜಾಸ್ತಿ, ಮೇಲಾಗಿ ಕಡಿಮೆ ಎಕ್ಸ್‌ಗೆ ತಂದಾಗ ಗೆರೆ ಜೇಡರ ನೂಲಿನ ಹಾಗೆ ತೆಳ್ಳಗಾಗಿ ಮರದ ನೆರಳಿನಲ್ಲಿ ಕಾಣುವುದೇ ಇಲ್ಲ. ಕಾಗದದ ಟಾರ್ಗೆಟ್‌ಗೆ ನಾನು ಅದಕ್ಕೆ ದುಡ್ಡು ಹಾಕುವುದಿಲ್ಲ.

ಪೀಪ್‌ಸೈಟ್ ಅಕ್ಕ (ಕಾರವಾರ):
ಒಂದು ವಿಷಯ ಮೊದಲೇ ತಿಳಿದಿರಲಿ. ಮುಂದೆ 10 ಮೀಟರ್ ಸ್ಪರ್ಧೆಗೆ ಹೋಗುವ ಯೋಚನೆ ಇದ್ದರೆ ಸ್ಕೋಪ್ ಖರೀದಿ ಮಾಡಬೇಡಿ. ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ ಐಎಸ್‌ಎಸ್‌ಎಫ್ ನಿಯಮದಲ್ಲಿ ಏರ್ ರೈಫಲ್‌ಗೆ ಟೆಲಿಸ್ಕೋಪ್ ಸೈಟ್ ಇಲ್ಲ. ಹಿಂದೆ ಸಣ್ಣ ರಂಧ್ರ (ಇದೇ ಪೀಪ್), ಮುಂದೆ ವೃತ್ತ, ಅಷ್ಟೇ. 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ, 2012ರ ಲಂಡನ್‌ನಲ್ಲಿ ಗಗನ್ ನಾರಂಗ್ ಕಂಚು ಗೆದ್ದದ್ದೂ ಹಾಗೆಯೇ. ಸ್ಕೋಪ್‌ನಲ್ಲಿ ಎಲ್ಲವೂ ದೊಡ್ಡದಾಗಿ ಕಾಣುವುದರಿಂದ ಕಣ್ಣು ಟಾರ್ಗೆಟ್‌ಗೇ ಅಂಟಿಕೊಳ್ಳುತ್ತದೆ. ಪೀಪ್‌ನಲ್ಲಿ ಮುಂದಿನ ಸೈಟ್ ನೋಡುವ ಅಭ್ಯಾಸ ಬೇಕು. ಅದನ್ನು ಆಮೇಲೆ ತಿದ್ದುವುದು ಕಷ್ಟ.

ಕಾಳಿದಂಡೆ (ಕಾರವಾರ):
ಸ್ಪರ್ಧೆಯ ಯೋಚನೆ ಇಲ್ಲ ಅಕ್ಕಾ. ಮನೆಯಲ್ಲೇ ಸಂತೋಷಕ್ಕೆ.

ಗುಡ್ಡದಮನೆ (ಯಲ್ಲಾಪುರ):
ನಡುವೆ ಕೇಳುತ್ತಿದ್ದೇನೆ. ತೋಟಕ್ಕೆ ಮಂಗನ ಕಾಟ ವಿಪರೀತ. 4-12 ಸ್ಕೋಪ್ ಅದಕ್ಕೂ ಆಗುತ್ತಾ?

ಪೀಪ್‌ಸೈಟ್ ಅಕ್ಕ (ಕಾರವಾರ):
ಬೇಡ ತಮ್ಮಾ. ಮಂಗಕ್ಕೆ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಪೆಲೆಟ್ ಹೊಕ್ಕ ಪ್ರಾಣಿ ಅಲ್ಲೇ ಸಾಯುವುದೂ ಇಲ್ಲ, ದಿನಗಟ್ಟಲೆ ನರಳುತ್ತದೆ. ಬೆಳೆ ನಷ್ಟದ ಸಂಕಟ ಅರ್ಥವಾಗುತ್ತದೆ, ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಇಲ್ಲಿ ಕಾಗದದ ಮಾತು ಮಾತ್ರ ಆಡೋಣ.

ದೂರನೋಟ (ಅಂಕೋಲಾ):
ಅಕ್ಕನ ಮಾತಿಗೆ ನನ್ನದೂ ಒಪ್ಪಿಗೆ.

ರೆಟಿಕಲ್‌ಗೆ ವಾಪಸ್ ಬರುತ್ತೇನೆ. ಚುಕ್ಕೆ ಬೇಕಾ ಬೇಡವಾ ಅಂತ ಇಬ್ಬರೂ ವಾದ ಮಾಡುತ್ತಿದ್ದೀರಿ, ಗೆರೆಯ ದಪ್ಪದ ಬಗ್ಗೆ ಮಾತೇ ಇಲ್ಲ. ಕಪ್ಪು ವೃತ್ತದ ಮೇಲೆ ಕಪ್ಪು ಗೆರೆ ಇಟ್ಟರೆ ನಡು ಎಲ್ಲಿ ಅಂತ ಯಾರಿಗೂ ಕಾಣುವುದಿಲ್ಲ. 10 ಮೀಟರ್ ಕಾರ್ಡಿನ ಕಪ್ಪು 30.5 ಮಿ.ಮೀ. ಅಗಲ, ಅದರೊಳಗೆ ದಪ್ಪ ಕ್ರಾಸ್‌ಹೇರ್ ಮಾಯವಾಗಿಬಿಡುತ್ತದೆ. ಪೀಪ್‌ಗೆ ಮಾಡಿದ ಕಾರ್ಡ್ ಸ್ಕೋಪ್‌ಗೆ ಒಗ್ಗುವುದಿಲ್ಲ. ಬಿಳಿ ಕಾಗದದಲ್ಲಿ ಕೆಂಪು ಪೆನ್ನಿನಿಂದ ಸಣ್ಣ ಚೌಕ ಬರೆದು, ಅದರ ಮೂಲೆಗೆ ತೆಳು ಗೆರೆಯನ್ನು ಕೂರಿಸಿ ನೋಡಿ. ತೂತುಗಳ ಗುಂಪು ತಾನಾಗಿ ಚಿಕ್ಕದಾಗುತ್ತದೆ. ದೀಪ ಉರಿಯುವ ರೆಟಿಕಲ್‌ಗೆ ದುಡ್ಡು ಕೊಡಬೇಡಿ, ಕಾಗದಕ್ಕೆ ಅದು ಬೇಕಾಗಿಲ್ಲ.

ಕುಮಟಾ ಮೇಷ್ಟ್ರು:
ಈ ಮಾತು ಸರಿ. ನಡುವೆ ತೆಳು ಗೆರೆ, ಅಂಚಿನಲ್ಲಿ ದಪ್ಪ, ಅದೇ ಡ್ಯೂಪ್ಲೆಕ್ಸ್‌ನ ಗುಣ. ಮಿಲ್‌ಡಾಟ್‌ನ ಗುಂಡು ಚುಕ್ಕೆ ತಾನೇ ಟಾರ್ಗೆಟ್ ಮುಚ್ಚುತ್ತದೆ.

ಅಡಿಕೆಅಂಗಳ (ಶಿರಸಿ):
ಹಾಗಾದರೆ ಗುಂಡು ಚುಕ್ಕೆ ಬಿಡಿ, ಅರ್ಧ ಅರ್ಧ ಮಿಲ್‌ಗೆ ಸಣ್ಣ ಅಡ್ಡಗೀಟು ಇರುವ ರೆಟಿಕಲ್ ತಗೊಳ್ಳಲಿ. ಮುಚ್ಚುವುದೂ ಇಲ್ಲ, ಲೆಕ್ಕವೂ ಕೈಬಿಡುವುದಿಲ್ಲ. ಕೆಳಗೆ ಪೂರ್ತಿ ಜಾಲರಿ ಇರುವ ಮರದಾಕಾರದ್ದು ಮಾತ್ರ ಬೇಡ.

ಗಾಳಿಗೂ ಅಡ್ಡಗೆರೆಯ ಗೀಟು ಉಪಯೋಗಕ್ಕೆ ಬರುತ್ತದೆ. ಪೆಲೆಟ್ ತೂಕ ಅರ್ಧ ಗ್ರಾಂ ಆಸುಪಾಸು, ಕಾರವಾರದಲ್ಲಿ ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದರೆ 30 ಮೀಟರಿನಲ್ಲಿ ಪಕ್ಕಕ್ಕೆ ತಳ್ಳುವುದು ಕಣ್ಣಿಗೇ ಕಾಣುತ್ತದೆ. ಝೀರೋ ಮಾಡುವುದಿದ್ದರೆ ಬೆಳಗ್ಗೆಯೇ ಮುಗಿಸಿ. ಝೀರೋ ಮಾಡುವಾಗ ಇನ್ನೊಂದು ನೆನಪಿಡಿ. ನಾಬ್‌ನ ಒಂದು ಕ್ಲಿಕ್ ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಆದರೆ 100 ಮೀಟರಿನಲ್ಲಿ 7 ಮಿ.ಮೀ., 10 ಮೀಟರಿನಲ್ಲಿ ಬರೀ 0.7. ಒಂದೂವರೆ ಸೆಂ.ಮೀ. ಸರಿಸಬೇಕಾದರೆ ಇಪ್ಪತ್ತು ಕ್ಲಿಕ್ ಮೇಲೆ ಬೇಕು. ನಾಲ್ಕು ಕ್ಲಿಕ್ ತಿರುಗಿಸಿ "ಸ್ಕೋಪ್ ಕೆಲಸ ಮಾಡುತ್ತಿಲ್ಲ" ಅನ್ನಬೇಡಿ.

ಕಾಳಿದಂಡೆ (ಕಾರವಾರ):
ತುಂಬಾ ಉಪಕಾರ. 4-12×40, ಮುಂದೆ ಫೋಕಸ್ ರಿಂಗ್, ಅರ್ಧ ಮಿಲ್ ಗೀಟು. ಇದನ್ನೇ ಹುಡುಕುತ್ತೇನೆ. ಇನ್ನು ಕೂರಿಸುವುದು ಹೇಗೆ? ಮಳೆಗಾಲದಲ್ಲಿ ಎಲ್ಲಿಡಬೇಕು? ನಮ್ಮಲ್ಲಿ ಜೂನ್ ಬಂತೆಂದರೆ ಬೀರುವಿನ ಚರ್ಮದ ಬೆಲ್ಟಿಗೂ ಬೂಷ್ಟು.

ಕುಮಟಾ ಮೇಷ್ಟ್ರು:
ಡಬ್ಬದ ಮೇಲೆ "ಏರ್‌ಗನ್‌ಗೆ ಆಗುತ್ತದೆ" ಅಂತ ಸ್ಪಷ್ಟವಾಗಿ ಇರಬೇಕು, ಇದು ಮುಖ್ಯ. ಸ್ಪ್ರಿಂಗ್ ಗನ್ ಮೊದಲು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಮುಂದೆ ಹೋಗಿ ಬಡಿದಾಗ ಮುಂದಕ್ಕೂ ಜಗ್ಗುತ್ತದೆ. ಎರಡನೆಯ ಈ ಹೊಡೆತಕ್ಕೆ ದೊಡ್ಡ ರೈಫಲ್‌ನ ಒಳ್ಳೆಯ ಸ್ಕೋಪ್‌ಗಳೇ ಒಳಗಿನಿಂದ ಸಡಿಲವಾಗುತ್ತವೆ. ನಿಮ್ಮ ಗನ್ ಮೇಲಿನ ಹಳಿ 11 ಮಿ.ಮೀ. ಇರಬಹುದು, ಅಳೆದು ನೋಡಿ ಅದಕ್ಕೇ ಹೊಂದುವ ಒಂದೇ ತುಂಡಿನ ಮೌಂಟ್ ತಗೊಳ್ಳಿ. ಅಡಿಯಲ್ಲಿ ತಡೆಪಿನ್ ಇರಬೇಕು, ಅದು ಗನ್ ಮೇಲಿನ ತೂತಿನಲ್ಲಿ ಕೂರಬೇಕು. ಇಲ್ಲದಿದ್ದರೆ ಹೊಡೆದಂತೆಲ್ಲ ಸ್ಕೋಪ್ ಹಿಂದಕ್ಕೆ ಸರಿಯುತ್ತದೆ.

ರಿಂಗ್ ಬಿಗಿಯುವ ಮೊದಲು 20 ಮೀಟರ್ ದೂರದಲ್ಲಿ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಗನ್ ವಾಲದಂತೆ ಮರಳಚೀಲದ ಮೇಲೆ ನೇರ ಕೂರಿಸಿ, ನಿಂತ ಗೆರೆ ಆ ದಾರದ ಮೇಲೆ ಸರಿಯಾಗಿ ಕೂರುವ ತನಕ ಸ್ಕೋಪ್ ತಿರುಗಿಸಿ. ಆಮೇಲೆ ಸ್ಕ್ರೂಗಳನ್ನು ಅಡ್ಡಡ್ಡ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಅಡಿಕೆಅಂಗಳ (ಶಿರಸಿ):
ನೈಟ್ರೋಜನ್ ತುಂಬಿದ್ದು ಅಂತ ಬರೆದಿದ್ದರೆ ಒಳಗಡೆ ಮಂಜು ಕಟ್ಟುವ ಭಯ ಕಡಿಮೆ. ಹೊರಗಿನ ಗಾಜಿಗೆ ಫಂಗಸ್ ಬರುವುದನ್ನು ನೀವೇ ತಡೆಯಬೇಕು. ಸ್ಪಂಜು ಹಾಸಿದ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ, ಸ್ಪಂಜು ತೇವ ಹಿಡಿದುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಉಪ್ಪುಗಾಳಿಯಲ್ಲಿ ಹೊಡೆದು ಬಂದರೆ ಮೌಂಟ್ ಸ್ಕ್ರೂಗಳನ್ನು ಎಣ್ಣೆ ಬಟ್ಟೆಯಿಂದ ಒರೆಸಿ. ಗಾಜಿಗೆ ಎಣ್ಣೆ ತಾಗದಿರಲಿ.

ಪೀಪ್‌ಸೈಟ್ ಅಕ್ಕ (ಕಾರವಾರ):
ಟಾರ್ಗೆಟ್ ಹಿಂದೆ ಏನಿದೆ ಅಂತ ನೀವು ಹೇಳಲಿಲ್ಲ. ಬರೀ ಚಿರೆಕಲ್ಲಿನ ಗೋಡೆಯಾದರೆ 10 ಮೀಟರಿನಲ್ಲಿ ಸೀಸ ಚಪ್ಪಟೆಯಾಗಿ ವಾಪಸ್ ಹಾರಬಹುದು. ಮರದ ಪೆಟ್ಟಿಗೆಗೆ ಹಳೆ ಬಟ್ಟೆ ಒತ್ತಿ ತುಂಬಿ, ಅದರ ಹಿಂದೆ ಮರಳಚೀಲ ಇಡಿ. ಹೊಡೆಯುವಾಗ ಕನ್ನಡಕ ಹಾಕಿ.

ಕಾಳಿದಂಡೆ (ಕಾರವಾರ):
ಚಿರೆಕಲ್ಲಿನ ಗೋಡೆಯೇ ಇದೆ ಅಕ್ಕಾ. ಸ್ಕೋಪ್ ಬರುವುದರೊಳಗೆ ಪೆಟ್ಟಿಗೆ ಮಾಡಿಸುತ್ತೇನೆ.