ರಾಸ್ಪ್‌ಬೆರಿ ಪೈಗೆ 12 ವೋಲ್ಟ್‌ನ ಪವರ್ ಬೋರ್ಡ್: ಮಿಂಚಿನ ಗುರುತು ಯಾಕೆ ಬರುತ್ತೆ?

ಪ್ರಶ್ನೆ: ಸರ್, ಪೈ 4 ಅನ್ನೋ ಪುಟ್ಟ ಕಂಪ್ಯೂಟರ್‌ನ 40 ಪಿನ್ ಹೆಡರ್ (ಪಿನ್‌ಗಳ ಸಾಲು) ಮೇಲೆ ಕೂರುವ ಪವರ್ ಬೋರ್ಡ್ ಮಾಡ್ತಿದ್ದೀನಿ. 12 ವೋಲ್ಟ್ ಇನ್‌ಪುಟ್, ಬಕ್ ಕನ್ವರ್ಟರ್‌ನಿಂದ (ವೋಲ್ಟೇಜ್ ಇಳಿಸೋ ಸರ್ಕ್ಯೂಟ್) 5 ವೋಲ್ಟ್, ಅದು ಷಾಟ್ಕಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡೋದು) ದಾಟಿ ಪಿನ್ 2ಕ್ಕೆ ಹೋಗುತ್ತೆ. ಕನ್ವರ್ಟರ್ ಹತ್ತಿರ ಮಲ್ಟಿಮೀಟರ್ 5.0 ತೋರಿಸುತ್ತೆ. ಆದರೂ ಯುಎಸ್‌ಬಿ ಡಿಸ್ಕ್ ಹಾಕಿದ ಕೂಡಲೇ ಪರದೆ ಮೇಲೆ ಮಿಂಚಿನ ಗುರುತು ಬರುತ್ತೆ, ಕೆಲವು ಸಲ ರೀಬೂಟ್ ಕೂಡ. ಕೆಪಾಸಿಟರ್ ಜಾಸ್ತಿ ಹಾಕ್ಲಾ?

ಉತ್ತರ: ಮೊದಲು ಆ ಡಯೋಡ್ ತೆಗೆಯಿರಿ. ವೋಲ್ಟೇಜ್ ಸುಮಾರು 4.63ಕ್ಕೆ ಇಳಿದರೆ ಪೈ ಆ ಮಿಂಚಿನ ಗುರುತಿನಿಂದ ಎಚ್ಚರಿಕೆ ಕೊಡುತ್ತದೆ. 3 ಆಂಪಿಯರ್ ಹರಿಯುವಾಗ ಷಾಟ್ಕಿಯೇ 0.35ರಿಂದ 0.5 ವೋಲ್ಟ್ ತಿಂದುಬಿಡುತ್ತದೆ. 5.0ರಲ್ಲಿ ಅಷ್ಟು ಹೋದ ಮೇಲೆ ಉಳಿಯುವುದೇನು? ಎಷ್ಟು ಕೆಪಾಸಿಟರ್ ಸುರಿದರೂ ಈ ನಷ್ಟ ತುಂಬುವುದಿಲ್ಲ.

ಹಾಗಂತ ಡಯೋಡ್ ಜಾಗದಲ್ಲಿ ಬರೀ ತಂತಿ ಹಾಕಬೇಡಿ. ಯುಎಸ್‌ಬಿ-ಸಿ ಅಡಾಪ್ಟರ್ ಕೂಡ ಸಿಕ್ಕಿಸಿದ್ದರೆ ಒಂದು ಸಪ್ಲೈ ಇನ್ನೊಂದರೊಳಗೆ ಕರೆಂಟ್ ತಳ್ಳುತ್ತದೆ. ಪಿ-ಚಾನೆಲ್ ಮಾಸ್‌ಫೆಟ್ (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಮತ್ತು ಜೋಡಿ ಪಿಎನ್‌ಪಿ ಟ್ರಾನ್ಸಿಸ್ಟರ್ ಇರುವ ಐಡಿಯಲ್ ಡಯೋಡ್ (ಡಯೋಡ್‌ನಂತೆಯೇ ವರ್ತಿಸಿ ತೀರಾ ಕಡಿಮೆ ವೋಲ್ಟ್ ತಿನ್ನುವ ಸರ್ಕ್ಯೂಟ್) ಬಳಸಿ. ಮಾಸ್‌ಫೆಟ್‌ನ ರೋಧ 20 ಮಿಲಿಓಮ್ ಇದ್ದರೆ 3 ಆಂಪಿಯರ್‌ನಲ್ಲಿ ನಷ್ಟ ಬರೀ 60 ಮಿಲಿವೋಲ್ಟ್. ಅದರ ಡ್ರೈನ್ ಕಾಲು ಕನ್ವರ್ಟರ್ ಕಡೆ, ಸೋರ್ಸ್ ಕಾಲು ಪೈ ಕಡೆ ಇರಲಿ. ತಿರುವಿ ಹಾಕಿದರೆ ಒಳಗಿನ ಬಾಡಿ ಡಯೋಡ್ ಹಿಮ್ಮುಖ ಕರೆಂಟನ್ನು ಸದಾ ಬಿಡುತ್ತಿರುತ್ತದೆ, ಬೋರ್ಡ್ ಮಾತ್ರ ಸರಿಯಾಗಿಯೇ ಕೆಲಸ ಮಾಡುವಂತೆ ಕಾಣುತ್ತದೆ!

ಔಟ್‌ಪುಟ್ 5.1ಕ್ಕೆ ಏರಿಸಿ. ನಿಮ್ಮ ಬಕ್ ಐಸಿ (ಕನ್ವರ್ಟರ್‌ನ ಚಿಪ್) ಹೋಲಿಕೆಗೆ ಬಳಸುವ ರೆಫರೆನ್ಸ್ 0.8 ವೋಲ್ಟ್ ಆಗಿದ್ದರೆ, ಔಟ್‌ಪುಟ್ ನಿಗದಿ ಮಾಡುವ ರೆಸಿಸ್ಟರ್ ಜೋಡಿಯಲ್ಲಿ ಮೇಲೆ 53.6 ಕಿಲೋಓಮ್, ಕೆಳಗೆ 10 ಕಿಲೋಓಮ್ ಹಾಕಿದರೆ 5.09 ಬರುತ್ತದೆ. ಬೋರ್ಡ್‌ನ ತಾಮ್ರದ ಪಟ್ಟಿ, ಅಂದರೆ ಟ್ರ್ಯಾಕ್‌ನ ರೋಧ ಕೂಡ ಲೆಕ್ಕಕ್ಕೆ ಬರಲಿ: 1 ಔನ್ಸ್ ದಪ್ಪದ ತಾಮ್ರ ಒಂದು ಚೌಕಕ್ಕೆ (ಅಗಲದಷ್ಟೇ ಉದ್ದದ ತುಂಡಿಗೆ) ಸುಮಾರು 0.5 ಮಿಲಿಓಮ್. 2 ಮಿ.ಮೀ. ಅಗಲ, 40 ಮಿ.ಮೀ. ಉದ್ದ ಅಂದರೆ 20 ಚೌಕ, 10 ಮಿಲಿಓಮ್. ಗ್ರೌಂಡ್ ವಾಪಸಾತಿಯೂ ಅಷ್ಟೇ ಸಪೂರವಿದ್ದರೆ ಇನ್ನೊಂದು 10. ಪಿನ್ 2 ಮತ್ತು 4 ಎರಡನ್ನೂ ಬಳಸಿ, ಗ್ರೌಂಡ್‌ಗೆ 6, 9, 14 ಸೇರಿಸಿ.

ಅಳೆಯಬೇಕಾದ್ದು ಹೆಡರ್ ಪಿನ್‌ಗಳ ಮೇಲೆ, ಲೋಡ್ ಇರುವಾಗ. ಕ್ಷಣಮಾತ್ರದ ಕುಸಿತ ಮಲ್ಟಿಮೀಟರ್‌ಗೆ ಕಾಣುವುದಿಲ್ಲ. ಆಸಿಲೋಸ್ಕೋಪನ್ನು 4.75ರಲ್ಲಿ ಇಳಿಮುಖ ಟ್ರಿಗರ್‌ಗೆ (ವೋಲ್ಟೇಜ್ ಅದಕ್ಕಿಂತ ಕೆಳಗಿಳಿದ ಕ್ಷಣ ಹಿಡಿಯುವಂತೆ) ಇಟ್ಟು ಡಿಸ್ಕ್ ಸಿಕ್ಕಿಸಿ ನೋಡಿ.

ಮರುಪ್ರಶ್ನೆ (ಇನ್ನೊಬ್ಬರಿಂದ): ನನ್ನ ಸಮಸ್ಯೆ ಬೇರೆ. 12 ವೋಲ್ಟ್ ಜ್ಯಾಕ್ ಚುಚ್ಚುವ ಹೊತ್ತಿಗೇ ಬಕ್ ಐಸಿ ಸುಡುತ್ತೆ. ಐಸಿ 18 ವೋಲ್ಟ್ ತಡೆಯುವಂಥದ್ದು, ಇನ್‌ಪುಟ್‌ನಲ್ಲಿ ಸೆರಾಮಿಕ್ ಕೆಪಾಸಿಟರ್ ಮಾತ್ರ ಇದೆ.

ಉತ್ತರ: ವೈರ್‌ನ ಇಂಡಕ್ಟೆನ್ಸ್ ಮತ್ತು ಸೆರಾಮಿಕ್ ಸೇರಿ ರಿಂಗಿಂಗ್ (ವೋಲ್ಟೇಜ್ ಏರಿಳಿಯುವ ಕಂಪನ) ಆಗುತ್ತದೆ, ಶಿಖರ ಹೆಚ್ಚೂಕಡಿಮೆ 24 ವೋಲ್ಟ್ ಮುಟ್ಟುತ್ತದೆ. 100 ಮೈಕ್ರೋಫ್ಯಾರಡ್, 35 ವೋಲ್ಟ್‌ನ ಸಾಮಾನ್ಯ ಎಲೆಕ್ಟ್ರೋಲಿಟಿಕ್ ಸೇರಿಸಿ. ಅದರ ಒಳರೋಧವೇ ಇಲ್ಲಿ ಕಂಪನ ಅಡಗಿಸುವುದು. ಟಿವಿಎಸ್ (ವೋಲ್ಟೇಜ್ ದಿಢೀರ್ ಏರಿಕೆ ತಡೆಯುವ ಡಯೋಡ್) ಹಾಕಿದರೆ ಸಾಕು ಅನ್ನುವವರಿದ್ದಾರೆ, ಆದರೆ ಎಸ್‌ಎಂಬಿಜೆ15ಎ ಎಂಬ ಟಿವಿಎಸ್ ಪೂರ್ಣ ಪಲ್ಸ್‌ನಲ್ಲಿ ಕ್ಲಾಂಪ್ ಮಾಡುವುದೇ, ಅಂದರೆ ವೋಲ್ಟೇಜ್ ತಡೆದು ನಿಲ್ಲಿಸುವುದೇ 24.4ಕ್ಕೆ. 18 ವೋಲ್ಟ್ ಐಸಿಯನ್ನು ಅದು ಉಳಿಸುವುದಿಲ್ಲ. 28 ಅಥವಾ 36 ವೋಲ್ಟ್‌ನ ಐಸಿ ಆರಿಸಿ.

ಮರುಪ್ರಶ್ನೆ: ಇದೇ ಬೋರ್ಡ್ ಪೈ 5ಕ್ಕೆ ಆಗುತ್ತಾ?

ಉತ್ತರ: 5 ಆಂಪಿಯರ್ ಕೊಡುವಂತಿದ್ದರೆ ಆಗುತ್ತದೆ. ಕನ್ವರ್ಟರ್‌ನ 500 ಕಿಲೋಹರ್ಟ್ಸ್ ಸ್ವಿಚಿಂಗ್‌ಗೆ 4.7 ಮೈಕ್ರೋಹೆನ್ರಿ ಇಂಡಕ್ಟರ್ ಹಾಕಿದರೆ ರಿಪಲ್ (ಕರೆಂಟ್‌ನ ಏರಿಳಿತ) ಸುಮಾರು 1.25 ಆಂಪಿಯರ್, ಶಿಖರ 5.6. ಇಂಡಕ್ಟರ್‌ನ ಸ್ಯಾಚುರೇಷನ್ ಕರೆಂಟ್ (ಅದನ್ನು ದಾಟಿದರೆ ಇಂಡಕ್ಟೆನ್ಸ್ ಕುಸಿಯುವ ಮಿತಿ) ಐಸಿಯ ಕರೆಂಟ್ ಮಿತಿಗಿಂತ ಮೇಲಿರಲಿ. ಹೆಡರ್ ಮೂಲಕ ಬಂದ ಪವರ್‌ನ ಸಾಮರ್ಥ್ಯ ಪೈಗೆ ತಿಳಿಯದು, ಹಾಗಾಗಿ ಯುಎಸ್‌ಬಿಯನ್ನು 600 ಮಿಲಿಆಂಪಿಯರ್‌ಗೆ ಕಟ್ಟಿಹಾಕುತ್ತದೆ. ಬೂಟ್‌ಲೋಡರ್ ಕಾನ್ಫಿಗ್‌ನಲ್ಲಿ ಪಿಎಸ್‌ಯು ಮ್ಯಾಕ್ಸ್ ಕರೆಂಟ್ 5000 ಎಂದು ಬರೆದರೆ ಮಿತಿ 1.6 ಆಂಪಿಯರ್‌ಗೆ ಏರುತ್ತದೆ. ಬೋರ್ಡ್ ನಿಜಕ್ಕೂ 5 ಆಂಪಿಯರ್ ಕೊಡುತ್ತದೆಂದು ಲೋಡ್ ಹಾಕಿ ನೋಡಿದ ಮೇಲಷ್ಟೇ ಬರೆಯಿರಿ.