ಆ ಬೇಸ್ ನುಡಿಸಿದವರಿಗೆ ಬರೀ 17 ಪೌಂಡ್ ಸಿಕ್ಕಿದ್ದು ನಿಜಾನಾ?

ದಪ್ಪತಂತಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಮೆರಿಕದ ರಾಕ್ ಗಾಯಕ ಲೂ ರೀಡ್ ಹಾಡಿದ 'ವಾಕ್ ಆನ್ ದಿ ವೈಲ್ಡ್ ಸೈಡ್' ಕೇಳಿರ್ತೀರಿ. ಶುರುವಿನಲ್ಲೇ ಒಂದು ಬೇಸ್ (ಮಂದ್ರ ಸ್ವರಗಳ ತಂತಿವಾದ್ಯ) ಜಾರುತ್ತಾ ಮೇಲೆ ಹೋಗುತ್ತದಲ್ಲ, ಹಾಡಿನ ಗುರುತೇ ಅದು. ಅದನ್ನು ನುಡಿಸಿದವರಿಗೆ 17 ಪೌಂಡ್ ಕೊಟ್ಟು ಕಳಿಸಿದರು ಅಂತ ಓದಿದೆ. ನಿಜಾನಾ? ನಾನು ಈಗಷ್ಟೇ ಬೇಸ್ ಕಲಿಯುತ್ತಿದ್ದೇನೆ. ಸ್ವಂತ ಬ್ಯಾಂಡ್ ನಂಬಿಕೊಳ್ಳದೆ, ಬೇರೆಯವರ ರೆಕಾರ್ಡಿಂಗಿಗೆ ನುಡಿಸಿಕೊಂಡೇ ಜೀವನ ಮಾಡೋದು ಆಗುತ್ತಾ?

ಹಳೇಬೇಸಿಗ:

ನಿಜ. ಅವರು ಹರ್ಬಿ ಫ್ಲವರ್ಸ್. 1972ರಲ್ಲಿ, ಲಂಡನ್ನಿನ ಸೋಹೋದ ಟ್ರೈಡೆಂಟ್ ಸ್ಟುಡಿಯೋದಲ್ಲಿ ನುಡಿಸಿದ್ದು. ಆ ಹಾಡಿರುವ ಆಲ್ಬಂ ಮಾಡಿಸಿದವರು ಗಾಯಕ ಡೇವಿಡ್ ಬೋವಿ ಮತ್ತು ಗಿಟಾರಿಸ್ಟ್ ಮಿಕ್ ರಾನ್ಸನ್. ಆದರೆ ತಕ್ಷಣ ಅಯ್ಯೋ ಪಾಪ ಅನ್ನಬೇಡಿ.

ಹೆಡ್‌ಫೋನ್ ಹಾಕಿ ಕೇಳಿ. ಅಲ್ಲಿರೋದು ಎರಡು ಬೇಸ್. ಕೆಳಗಡೆ ಡಬಲ್ ಬೇಸ್, ನಿಂತು ನುಡಿಸುವ ದೊಡ್ಡ ಮರದ ವಾದ್ಯ. ಅದರ ಮೇಲೆ ಇನ್ನೊಂದು ಸಲ ರೆಕಾರ್ಡ್ ಮಾಡಿದ ಎಲೆಕ್ಟ್ರಿಕ್ ಬೇಸ್. ಕೆಳಗಿನದು ಷಡ್ಜ ಅಂದುಕೊಂಡರೆ ಮೇಲಿನದು ಮುಂದಿನ ಸ್ಥಾಯಿಯ ಗಾಂಧಾರ. ಎರಡೂ ಅದೇ ಅಂತರ ಇಟ್ಟುಕೊಂಡು ಒಟ್ಟಿಗೆ ಜಾರುತ್ತವೆ. ಶುರುವಿನಲ್ಲಿ ಇರೋ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬರೀ ಎರಡು. ಬೇರೆ ಯಾರಾದರೂ ಆಗಿದ್ದರೆ ಡುಂ ಡುಂ ಅಂತ ನುಡಿಸಿ ಮನೆಗೆ ಹೋಗುತ್ತಿದ್ದರು.

ಎರಡು ಬೇಸ್ ಯಾಕೆ? ಅವರೇ ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದರು: ಒಂದೇ ಹಾಡಿಗೆ ಎರಡು ವಾದ್ಯ ನುಡಿಸಿದರೆ ಪೇಮೆಂಟ್ ಜಾಸ್ತಿ! ಆ 17 ಪೌಂಡ್ ಅಂದ್ರೆ ಜಾಸ್ತಿ ಸಿಕ್ಕಿದ ಮೇಲಿನ ಲೆಕ್ಕ. ನನಗಂತೂ ಈ ಮನುಷ್ಯ ಇಷ್ಟವಾಗೋದೇ ಇದಕ್ಕೆ.

ಜೀವನದ ಪ್ರಶ್ನೆಗೆ ಬರೋಣ. ಫ್ಲವರ್ಸ್ ಹುಟ್ಟಿದ್ದು 1938ರಲ್ಲಿ. ಬ್ರಿಟನ್ನಿನ ವಾಯುಪಡೆಯ ಬ್ಯಾಂಡಿನಲ್ಲಿ ಟ್ಯೂಬಾ ಊದುತ್ತಿದ್ದರು. ಎರಡನೇ ವಾದ್ಯ ಅಂತ ಡಬಲ್ ಬೇಸ್ ಕಲಿತರು. ಎಲೆಕ್ಟ್ರಿಕ್ ಬೇಸ್ ಆಮೇಲೆ ಬಂತು. ಹಾಗಾಗಿ ಹಾಳೆಯಲ್ಲಿ ಬರೆದ ನೋಟೇಶನ್ (ಸ್ವರಲಿಪಿ) ನೋಡಿ ನುಡಿಸೋದು ನೀರು ಕುಡಿದಷ್ಟು ಸಲೀಸಾಗಿತ್ತು. ಬೆಳಿಗ್ಗೆ ಜಾಹೀರಾತು, ಮಧ್ಯಾಹ್ನ ಸಿನಿಮಾ, ರಾತ್ರಿ ರಾಕ್. ಯಾರು ಕರೆದರೂ ಹೋಗಬೇಕು, ಕೊಟ್ಟ ಸಮಯದಲ್ಲಿ ಮುಗಿಸಬೇಕು. ಸೆಶನ್ ಕೆಲಸ ಅಂದ್ರೆ ಇಷ್ಟೇ, ಇಷ್ಟೇ ಕಷ್ಟ ಕೂಡ. ಬೋವಿಯ 'ಸ್ಪೇಸ್ ಆಡಿಟಿ', ಡೇವಿಡ್ ಎಸೆಕ್ಸ್‌ನ 'ರಾಕ್ ಆನ್', ಜೆಫ್ ವೇಯ್ನ್‌ನ 'ವಾರ್ ಆಫ್ ದಿ ವರ್ಲ್ಡ್ಸ್', ಎಲ್ಲದರಲ್ಲೂ ಇವರದೇ ಕೈ. ಹಾಗಂತ ಬ್ಯಾಂಡ್ ಸೇರಲೇ ಇಲ್ಲ ಅಂತಲ್ಲ. ಬ್ಲೂ ಮಿಂಕ್, ಟಿ ರೆಕ್ಸ್, ಸ್ಕೈ ಮೂರರಲ್ಲೂ ಇದ್ದರು.

ಸ್ವರಮಾಲಾ:

ಎಲ್ಲ ಸರಿ ಸರ್, ಆದರೂ ಅನ್ಯಾಯ ಅನ್ಯಾಯಾನೇ. 1990ರಲ್ಲಿ 'ಎ ಟ್ರೈಬ್ ಕಾಲ್ಡ್ ಕ್ವೆಸ್ಟ್' ಅನ್ನೋ ಹಿಪ್ ಹಾಪ್ ತಂಡ ಇದೇ ಬೇಸಿನ ರೆಕಾರ್ಡಿಂಗನ್ನು ಎತ್ತಿಕೊಂಡು 'ಕ್ಯಾನ್ ಐ ಕಿಕ್ ಇಟ್?' ಮಾಡಿತು. ಆ ಹಾಡಿನ ರಾಯಲ್ಟಿ ಹೋಗಿದ್ದು ಲೂ ರೀಡ್‌ಗೆ. ಜನ ತಲೆದೂಗಿದ್ದು ಯಾರ ಬೇಸಿಗೆ, ದುಡ್ಡು ಯಾರಿಗೆ? 'ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ' ಅಂತ ನಾವು ನಗ್ತಾ ಹೇಳೋದು ಕಂಪನಿಗಳಿಗೆ ಅನುಕೂಲ, ಅಲ್ವಾ?

ಹಳೇಬೇಸಿಗ:

ನೀವು ಹೇಳೋದು ಒಪ್ಪುತ್ತೇನೆ ಮೇಡಂ. ಆದರೆ ಫ್ಲವರ್ಸ್ ಸುಮ್ನೆ ಕೂರುವ ಆಸಾಮಿ ಅಲ್ಲ. 1974ರಲ್ಲಿ ಬೋವಿ ಜೊತೆ ಅಮೆರಿಕ ಪ್ರವಾಸದಲ್ಲಿದ್ದರು. ಫಿಲಡೆಲ್ಫಿಯಾ ಹತ್ತಿರದ ಟವರ್ ಥಿಯೇಟರಿನಲ್ಲಿ ಕಾರ್ಯಕ್ರಮ. ವೇದಿಕೆ ಮೇಲೆ ನೋಡಿದರೆ ಜಾಸ್ತಿ ಮೈಕುಗಳು. ಲೈವ್ ಆಲ್ಬಂ ರೆಕಾರ್ಡ್ ಆಗುತ್ತಿದೆ, ನುಡಿಸುವವರ ಜೊತೆ ಮಾತೇ ಆಡಿಲ್ಲ! ತಲೆಗೆ 5,000 ಡಾಲರ್ ಕೊಡದಿದ್ದರೆ ವೇದಿಕೆ ಹತ್ತಲ್ಲ ಅಂತ ವಾದ್ಯದವರೆಲ್ಲ ಪಟ್ಟು ಹಿಡಿದರು. ಮುಂದೆ ನಿಂತು ಮಾತಾಡಿದ್ದು ಫ್ಲವರ್ಸ್. ಒಪ್ಪಿಗೆ ಸಿಕ್ಕಿದ ಮೇಲೇ ನುಡಿಸಿದ್ದು.

ಇನ್ನೊಂದು ತಮಾಷೆ ಇದೆ. ಅವರು ಒಂದು ಹಾಡು ಬರೆಯುವಲ್ಲೂ ಪಾಲುದಾರರು. 'ಗ್ರ್ಯಾಂಡ್‌ಡ್ಯಾಡ್' ಅಂತ, ತಾತನ ಬಗ್ಗೆ. ನಟ ಕ್ಲೈವ್ ಡನ್ ಹಾಡಿದರು, ಜೊತೆಗೆ ಮಕ್ಕಳ ಕೋರಸ್. 1971ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್. ರಾಕ್ ಕೇಳುವವರು ಮೂಗು ಮುರಿಯುತ್ತಾರೆ. ಆದರೆ ಬರೆದವರಿಗೆ ಪ್ರತಿ ಸಲ ರಾಯಲ್ಟಿ, ನುಡಿಸಿದವರಿಗೆ ಆ ದಿನದ ಪೇಮೆಂಟ್ ಮಾತ್ರ. ವ್ಯತ್ಯಾಸ ಇಲ್ಲೇ ಇರೋದು. ಅಷ್ಟು ಒಳ್ಳೆಯ ಬೇಸ್ ಸಾಲು ಹೊಳೆದರೂ ಕಾಗದದಲ್ಲಿ ಅದು 'ಹಾಡು ಬರೆದದ್ದು' ಅಂತ ಆಗಲ್ಲ. ಬ್ರಿಟನ್ನಿನಲ್ಲಿ 1996ರಿಂದ ರೆಕಾರ್ಡ್ ರೇಡಿಯೋದಲ್ಲಿ ಹಾಕಿದರೆ ನುಡಿಸಿದವರಿಗೂ ಪಾಲು ಅಂತ ಕಾನೂನು ಬಂತು. ನಮ್ಮಲ್ಲೂ 2012ರ ಕಾಪಿರೈಟ್ ತಿದ್ದುಪಡಿಯಲ್ಲಿ ಕಲಾವಿದರ ರಾಯಲ್ಟಿ ಮಾತಿದೆ. ಹಾಗಾಗಿ ದಪ್ಪತಂತಿಯವರೇ, ಸ್ಟುಡಿಯೋದಲ್ಲಿ ಏನಾದರೂ ಸಹಿ ಹಾಕುವ ಮುಂಚೆ ಓದಿ.

ದಪ್ಪತಂತಿ:

ಥ್ಯಾಂಕ್ಸ್ ಸರ್, ಮೇಡಂ. ನನ್ನ ಹತ್ತಿರ ಇರೋದು ಒಂದೇ ಬೇಸ್. ಅದರಲ್ಲೇ ಆ ಎರಡೂ ಸಾಲು ನುಡಿಸೋಕೆ ಆಗುತ್ತಾ?

ಹಳೇಬೇಸಿಗ:

ಆಗುತ್ತೆ. ಇ ತಂತಿಯ (ಅತಿ ದಪ್ಪದ್ದು) 8ನೇ ಫ್ರೆಟ್ (ಕತ್ತಿನ ಮೇಲಿನ ಸ್ವರದ ಮನೆ), ಜಿ ತಂತಿಯ (ಅತಿ ತೆಳುವಾದದ್ದು) 9ನೇ ಫ್ರೆಟ್ ಒಟ್ಟಿಗೆ ಹಿಡಿಯಿರಿ. ಕೆಳಗಿನದಕ್ಕೆ ಹೆಬ್ಬೆರಳು, ಮೇಲಿನದಕ್ಕೆ ತೋರುಬೆರಳಿನಿಂದ ಮೀಟಿ. ನಡುವಿನ ಎರಡು ತಂತಿ ಸದ್ದು ಮಾಡಬಾರದು. ಹಿಡಿತ ಬಿಡದೆ 13 ಮತ್ತು 14ಕ್ಕೆ ಜಾರಿಸಿ. ಅವಸರ ಬೇಡ, ಆ ಹಾಡಿಗೆ ಸೋಮಾರಿತನವೇ ಚೆಂದ. ಬೆರಳು ಉರಿಯುತ್ತೆ, ಹಳೇ ತಂತಿ ಆದರೆ ಸ್ವಲ್ಪ ಕಮ್ಮಿ.

ಅದು ಬಂದ ಮೇಲೆ ಹ್ಯಾರಿ ನಿಲ್ಸನ್‌ನ 'ಜಂಪ್ ಇಂಟು ದಿ ಫೈರ್' ಕೊನೆತನಕ ಕೇಳಿ. 1971ರದು, ಬೇಸ್ ಇವರದೇ. ಹಾಡು ನಡೆಯುತ್ತಿರುವಾಗಲೇ ಬಿರಡೆ ತಿರುಗಿಸಿ ದಪ್ಪ ತಂತಿಯನ್ನು ಸಡಿಲ ಮಾಡುತ್ತಾ ಹೋಗುತ್ತಾರೆ. ಶ್ರುತಿ ಪಾತಾಳಕ್ಕೆ ಇಳಿಯುತ್ತೆ. ಅದನ್ನು ಮಾತ್ರ ಸ್ಟುಡಿಯೋದಲ್ಲಿ ಯಾರ ಒಪ್ಪಿಗೆಯನ್ನೂ ಕೇಳದೆ ಮಾಡಬೇಡಿ.